ಹದಿನಾಲ್ಕನೇ ಖೋಲಿ

ಬರ್ರಿ, ಒಳಗ ಬರ್ರಿ. ಹಿಂಗ ಬಾಗಲದಾಗ ಗುಂಪಾಗಿ ನಿಂತರ
ನಿಮ್ಮನ್ನೂ ಪೇಶಂಟ್ ಅಂತ ತಿಳದು ಚೀಟಿ ಕೇಳತಾರ ಮಂದಿ.
ಮುತ್ತಗಿ ಮೇಡಂ ವಾರ್ಡಿನಾಗ ಅದಾರ, ಹತ್ತಕ್ಕ ಬರತಾರ.
ಅಲ್ಲೀತನಾ ನಾನ ನಿಮ್ಮ ಪ್ರೊಫೆಸರು.
ನಗಬ್ಯಾಡ್ರಿ. ಇಪ್ಪತ್ತೊಂದು ಬ್ಯಾಚು ನೋಡೇನಿ
ಇದ ಸ್ಟೂಲಿನ ಮ್ಯಾಲೆ ಕುಂತು, ಈ ಕಾಶೀಬಾಯಿ.

ಮೊದಲ ಆ ಕೈಗವಸು ಕಿಸೇದಾಗ ಇಡ್ರಿ.
ಹುಣ್ಣು ಒಸರತಿದ್ರ ಹಾಕೋರಿ, ಇಲ್ಲಂದ್ರ ಯಾಕ?
ಎದೀ ಡಾಕ್ಟರಿಗೆ ನಳಿಗಿ ಐತಿ, ಎಲುಬಿನವರಿಗೆ ಫೋಟೋ ಐತಿ,
ಈ ಖೋಲಿಗಿ ಒಂದ ಕಿಟಕಿ, ಮೂಡಲ ಕಡೀದು.
ಟ್ಯೂಬ್‌ಲೈಟು ಸುಳ್ಳು ಹೇಳತೈತಿ ಅಂತಾರ ಮೇಡಂ.
ಪೇಶಂಟನ್ನ ಕಿಟಕೀ ಕಡೆ ತಿರುಗಿಸ್ರಿ,
ನೀವು ಬೆಳಕಿಗಿ ಅಡ್ಡ ನಿಂದರಬ್ಯಾಡ್ರಿ.

ಇಳಕಲ್ಲಿಂದ ನೂಲಿಗಿ ಬಣ್ಣ ಹಾಕಾಂವ ಬರತಾನ,
ಬೆರಳ ಸಂದ್ಯಾಗ ಕೆಂಪು ದಡಿ.
ತೊಳದರ ಹೋಗೂದು ಬಣ್ಣ, ಹೋಗಲಾರದ್ದು ಬ್ಯಾನಿ,
ಎರಡೂ ಒಂದ ಕೆಂಪು; ಮೊದಲ ತೊಳಸ್ರಿ.
ಸಿಮೆಂಟ್ ಫ್ಯಾಕ್ಟರಿಯಾಂವ ಬಿರದ ಅಂಗೈ ತೋರಸತಾನ,
ರಜಾ ಚೀಟಿ ಬರದರ ಅಂಜತಾನ.
ಒಬ್ಬಾಕಿ ಟೀಚರು ಟಿಕಳಿ ತಗದ್ಲು ಮೊನ್ನೆ,
ಅದರ ಕೆಳಗ ಅದ ಅಳತಿ ಬಿಳೇ ಟಿಕಳಿ.
ಇನ್ನ ಗಜಕರ್ಣ. ಇಡೀ ಮನಿಗಿ ಒಂದ ಟವೆಲ್ಲು,
ಅಂಗಡ್ಯಾಂವ ಕೊಟ್ಟ ಮೂವತ್ತು ರೂಪಾಯಿ ಟ್ಯೂಬು.
ಹೆಸರು ಗೊತ್ತಿಲ್ಲ ಅಂತಾರ, ಡಬ್ಬಿ ಬಣ್ಣ ಹೇಳತಾರ.
ಖಾಲಿ ಟ್ಯೂಬಾದ್ರೂ ತರಸ್ರಿ.

ಎಲ್ಲೆಲ್ಲಿ ಐತಿ ಅಂತ ಕೇಳಿದ್ರ ಕೈ ತೋರಸತಾರ.
ಇನ್ನೊಮ್ಮೆ ಕೇಳ್ರಿ, ಆವಾಗ ಬಾಗಲಾ ನೋಡತಾರ.
ಬಾಗಲಾ ಹಾಕೂದು ನನ್ನ ಕೆಲಸ.

ಏ ಜೋಧಪುರದ ತಮ್ಮಾ, ಕನ್ನಡ ಬರೂದಿಲ್ಲೇನು?
ಮೂರು ಮಾತು ಸಾಕು ನಿನಗ:
ಕಡೀತೈತೇನು, ಉರೀತೈತೇನು, ಗೊತ್ತಾಕೈತೇನು.
ಮೂರನೇದ್ದ ಮಾತ್ರ ಹಗೂರಕ ಕೇಳು.

ಬಾ, ಈ ಹತ್ತಿ ಎಳಿ ತಗೋ. ಬತ್ತಿಗಿಂತ ಸಣ್ಣಾಗಿ ಹೊಸಿ.
ಎಲ್ಲಾ ಬ್ಯಾಚೂ ನನ್ನ ರಟ್ಟಿ ಮ್ಯಾಲೇ ಕಲತಾರ.
ಇಲ್ಲಿ, ಮೊಳಕೈ ಮ್ಯಾಲೆ. ಏನೂ ಕಾಣೂದಿಲ್ಲಲ್ಲ?
ಇಪ್ಪತ್ತಾರು ವರ್ಷದ ಹಿಂದ ಇತ್ತು, ನಾಕಾಣೆ ಪಾವಲಿಯಷ್ಟು, ಮಾಸಿದ್ದು.
ಗುಳಿಗಿ ನುಂಗಿದೆ. ಬಣ್ಣ ತಿರುಗಿ ಬಂತು.
ಅಷ್ಟ ಬಂತು.
ಹಳೇ ಬಾಗಲಕೋಟ್ಯಾಗ ನಮ್ಮ ಓಣಿ ಹಿನ್ನೀರಿಗಿ ಹೋತು,
ಈಗ ನವನಗರದಾಗ ನಮಗ ಸೆಕ್ಟರ್ ನಂಬರ ಐತಿ.
ಬ್ಯಾಸಿಗ್ಯಾಗ ನೀರಿಳದಾಗ ಮನೀ ಕಟ್ಟಿ ಎದ್ದು ಕಾಣತೈತಿ,
ನಿಂತು ಕರದರ ಯಾರೂ ಓ ಅನ್ನೂದಿಲ್ಲ.
ಹಂಗ ತಿಳಕೋರಿ.

ಕಣ್ಣು ಮುಚ್ಚೇನಿ. ತಾಗಸು.
ಇಲ್ಲಿ.
ಇಲ್ಲಿ.
ಇಲ್ಲಿ.
ಎಲ್ಲಾ ಬರೋಬರಿ ಅಂತ ಬರಕೊಂಡ್ಯಲ್ಲ?
ಕಡೀದು ಸುಳ್ಳು ಹೇಳಿದೆ.
ಆವಾಗೂ ಹಿಂಗ ಹೇಳತಿದ್ದೆ, ಏಳು ತಿಂಗಳು.
ಪರೀಕ್ಷಾ ಅಂದಮ್ಯಾಲೆ
ನಪಾಸಾಗಾಕ ಯಾರಿಗಿ ಮನಸು ಬರತೈತಿ, ಹೇಳ್ರಿ?
ಅದಕ್ಕ ನಡುನಡುವ ಹತ್ತಿ ತಾಗಸದನ ಕೇಳ್ರಿ: ಈಗ ಎಲ್ಲಿ?
ಆವಾಗೂ ಬೆರಳು ಎತ್ತಿದ್ರ ಗದರಬ್ಯಾಡ್ರಿ.
ಆ ಬೆರಳ ಹಿಡೀರಿ, ಬರಿಗೈಲೆ, ಒಂದೀಟು ಹೊತ್ತು.

ಹತ್ತಿ ತಿಳಿಯೂದಿಲ್ಲ ನನಗ, ತಮ್ಮಾ.
ತಾಗಸೂ ಮುಂದ ನೀ ಉಸಿರು ಹಿಡೀತಿ,
ಅದು ಕೇಳಸತೈತಿ.

ಹತ್ತಾತು. ಮೇಡಂ ಚಪ್ಪಲಿ ಸಪ್ಪಳ.
ಟೋಕನ್ ಒಂದು, ಬರ್ರಿ ಯವ್ವಾ, ಕುಂದರ್ರಿ.
ಏ ಹುಡುಗೂರ್ಯಾ,
ಬೆಳಕು ಬಿಟ್ಟು ನಿಂದರ್ರಿ.