ಹದಿನೇಳು ತೊಗಲಿನ ಬಾಕಿ

ಸತ್ತವರ ಸಾಲ ಕೇಳಬಾರದಂತೆ, ಹೊಸ ಪಾದ್ರಿ ಹೇಳಿದ.
ಕೇಳುತ್ತಿಲ್ಲ ಸ್ವಾಮಿ, ಎಣಿಸುತ್ತಿದ್ದೇನೆ ಅಷ್ಟೆ.
ಥರ್ಸ್ಟನ್ ಕೊಡಬೇಕಾದದ್ದು ಹದಿನೇಳು ತೊಗಲು:
ಹದಿನಾರು ಕುರಿಯವು, ಒಂದು ಕರುವಿನದು,
ಬಿಷಪ್ಪನ ಮನೆಗೆಂದು ತೆಗೆದಿಟ್ಟದ್ದು, ಹಾಲುಬಿಳುಪು.

ಲಿಂಕನ್ನಿನ ಗುಡ್ಡ ಇಳಿದು, ಹೊಳೆಯ ಸೇತುವೆ ದಾಟಿ,
ನನ್ನ ಸುಣ್ಣದ ಗುಂಡಿಯ ನಾತಕ್ಕೆ ಮೂಗು ಮುಚ್ಚದೆ
ಬರುತ್ತಿದ್ದವನು ಅವನೊಬ್ಬನೇ.
ಉಣ್ಣೆ ಸುಂಕದ ಕಟ್ಟೆಯಲ್ಲಿ ಗುಮಾಸ್ತೆ;
ಹಗಲೆಲ್ಲ ಮೂಟೆ ಎಣಿಸಿ ಲ್ಯಾಟಿನ್ನಿನಲ್ಲಿ ಗೀಚಿ
ಸಂಜೆ, ಬೆರಳ ತುದಿ ಮಾಚಿಕಾಯಿ ಮಸಿಯಲ್ಲಿ ಕಪ್ಪಾಗಿ,
ಬಾಗಿಲಲ್ಲಿ ನಿಲ್ಲುತ್ತಿದ್ದ:
'ಹವೀಸ್, ಒಂದೇ ಒಂದು. ತೂತಿದ್ದರೂ ಆದೀತು.'

ತೂತಿದ್ದದ್ದನ್ನೇ ಕೊಡುತ್ತಿದ್ದೆ.
ಕುರಿಗೆ ನೊಣ ಕಚ್ಚಿದ ಗಾಯ, ತೊಗಲನ್ನು ಚೌಕಟ್ಟಿಗೆ ಬಿಗಿದಾಗ
ಕಣ್ಣು ಬಿಟ್ಟಂತೆ ಅಗಲವಾಗುತ್ತದೆ.
ಅವನು ಆ ಕಣ್ಣನ್ನು ಬಳಸಿಕೊಂಡು ಬರೆಯುತ್ತಿದ್ದ,
ಬಂಡೆ ಸುತ್ತಿ ಹೋಗುವ ನೀರಿನ ಹಾಗೆ.

ಏನು ಬರೆದೆಯೋ ಎಂದರೆ ಓದುತ್ತಿದ್ದ.
ದೊರೆಗಳ ಫ್ರೆಂಚಲ್ಲ, ದೇವರ ಲ್ಯಾಟಿನ್ನಲ್ಲ,
ನಮ್ಮವ್ವ ಕೋಳಿಗಳಿಗೆ ಬೈಯುತ್ತಿದ್ದ ಮಾತು!
ನನಗೆ ನಗು. ಇಂಥ ತೊಗಲಿನ ಮೇಲೆ ಬೀದಿಯ ಇಂಗ್ಲಿಷೇ?
ಹಂದಿಗೆ ಯಾರಾದರೂ ಜೀನು ಬಿಗಿಯುತ್ತಾರೇನೋ?
'ಬಿಗಿದು ನೋಡೋಣ,' ಅಂದ. 'ಕೆಡವಿದರೆ
ಬೀಳುವವನು ನಾನು ತಾನೆ.'

ಪಾದ್ರಿ ಓಸ್ಮಂಡನ ಕತೆ ಬರೆದದ್ದು ಆಗಲೇ.
ಜೇನುಗೂಡಿಗೂ ತೆರಿಗೆ ಹಾಕಹೋಗಿ
ನಿಲುವಂಗಿಯೊಳಗೆ ಹುಳ ಹೊಕ್ಕು
ಹೊಳೆಗೆ ಹಾರಿದ ಪಾದ್ರಿ.
ಹೆಂಡದಂಗಡಿಗಳಲ್ಲಿ ಬಾಯಿಂದ ಬಾಯಿಗೆ ಹೋಯಿತು.
ಓಸ್ಮಂಡ್ ರಸ್ತೆಗೆ ಬಂದರೆ ಮಕ್ಕಳು
ಝೇಂ ಅನ್ನುತ್ತಿದ್ದವು.

ಆಮೇಲೆ ಗಡ್ಡೆಜ್ವರದ ವರ್ಷ.
ವೈದ್ಯ ಓಡಿದ. ಬಿಷಪ್ಪ ಹಳ್ಳಿಯ ಬಂಗಲೆ ಸೇರಿದ.
ಓಸ್ಮಂಡ್ ಮಾತ್ರ, ಅದೇ ದಪ್ಪ, ಅದೇ ಜಿಪುಣ ಓಸ್ಮಂಡ್,
ಮನೆ ಮನೆಗೆ ಹೋಗಿ ಸಾಯುವವರ ಕೈ ಹಿಡಿದ.
ನನ್ನ ಗಂಡನ ಕೈಯನ್ನೂ.
ಸೇಬಿನ ಸುಗ್ಗಿಗೆ ಮುಂಚೆ ತಾನೂ ಹೋದ.

ಆ ರಾತ್ರಿ ಥರ್ಸ್ಟನ್ ಬಂದದ್ದು ತೊಗಲು ಕೇಳಲಿಕ್ಕಲ್ಲ.
ಕಂಕುಳಲ್ಲಿದ್ದ ಹಾಳೆ ಚಾಚಿ, 'ಕೆರೆದುಬಿಡು,' ಅಂದ.
ಅರೆಚಂದ್ರ ಕತ್ತಿ ತೆಗೆದೆ. ಕೆರೆದೆ.
ಒಂದೊಂದೇ ಅಕ್ಷರ ಹೊಟ್ಟಾಗಿ ಮಡಿಲಿಗೆ ಬಿತ್ತು.
ಬೊಗಸೆಯಲ್ಲಿ ತುಂಬಿಕೊಂಡು ಎಲ್ಲಿಗೋ ಒಯ್ದ.
ಕೇಳಲಿಲ್ಲ ನಾನು.

ಈಗ ಅವನೂ ಇಲ್ಲ. ಪೆಟ್ಟಿಗೆಯ ಹಾಳೆಗಳನ್ನೆಲ್ಲ
ತಂಗಿಯ ಮಗ ಮೂರು ಪೆನ್ನಿಗೆ ಮಾರಿದ.
ಪುಸ್ತಕ ಹೊಲಿಯುವವನ ಅಂಗಡಿಯಲ್ಲಿ
ಲೆಕ್ಕದ ಪುಸ್ತಕಗಳ ಬೆನ್ನಿಗೆ ಪಟ್ಟಿ ಕತ್ತರಿಸುತ್ತಿದ್ದಾರೆ.
ನನಗೆ ಓದು ಬಾರದು. ಆದರೆ ನನ್ನ ತೂತು ನನಗೆ ಗೊತ್ತು.

'ಇದರಲ್ಲೇನಿದೆ, ಓದು,' ಅಂದೆ ಅಲ್ಲಿಯ ಹುಡುಗನಿಗೆ.
'ಏನೂ ಇಲ್ಲವಲ್ಲ ಅಜ್ಜಿ, ಖಾಲಿ.'
'ಕಿಟಕಿಗೆ ಓರೆ ಹಿಡಿ.'
ಹಿಡಿದ. ಕಣ್ಣು ಕಿರಿದು ಮಾಡಿದ. ತುಟಿ ಅಲುಗಿತು,
ತಡವರಿಸಿತು, ತೂತಿನ ಬಳಿ ಒಮ್ಮೆ ನಿಂತು ಸುತ್ತಿ ಮುಂದೆ ಹೋಯಿತು.
ಮತ್ತೆ, ಅಂಗಡಿಯವನು ತಲೆಯೆತ್ತಿ ನೋಡುವಷ್ಟು ಜೋರಾಗಿ,
ಝೇಂ ಅಂದ.

ಸ್ವಾಮಿ, ಬರೆದುಕೊಳ್ಳಿ:
ಬಾಕಿ ಹದಿನಾರು.