ಒತ್ತೆ

ಬೈತಕೋಲ ಬಂದರಿನ ಗೇಟಿನೆದುರು
ಎಂಟು ಬೆಂಚಿನ ಖಾನಾವಳಿ ನನ್ನದು.
ಉದ್ದರಿ ಪುಸ್ತಕದಲ್ಲಿ ಇನಾಸ್ ಗುದಿನೋ ಹೆಸರಿಗೆ
ನಲವತ್ತೊಂದು ಊಟ, ಆರು ಹುರಿದ ಕಾಣೆ.
ಚಹಾ ಬರೆದಿಲ್ಲ, ಬರೆದರೆ ಪುಟ ಸಾಲದು.

ಹಡಗು ಹತ್ತುವ ಮುಂಜಾನೆ ಅವನು
ಕಾಸಿನ ಬದಲು ಲುಂಗಿಯಲ್ಲಿ ಸುತ್ತಿದ
ಬಾಟಲಿಯೊಂದನ್ನು ಗಲ್ಲೆಯ ಮೇಲಿಟ್ಟ.
"ಸ್ಪೇನಿನದು, ಶೆವಂತಿಬಾಯಿ. ಊರಿನ ಹೆಸರು ಟೋರೊ.
ಟೋರೊ ಅಂದರೆ ಗೂಳಿ.
ಮಾಜಾಳಿ ನಾಕೆಯಲ್ಲಿ ಚೀಲ ತಡವಿದವನಿಗೆ
ಜ್ವರದ ಕಷಾಯ ಅಂದೆ, ಪೂರಾ ಸುಳ್ಳಲ್ಲ.
ಒತ್ತೆ ಇರಲಿ. ಬಂದು ಬಿಡಿಸಿಕೊಳ್ತೇನೆ."

ಬಿಡಿಸಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ.

ಹನ್ನೊಂದು ತಿಂಗಳು ಅದು ಮುರುಗಲು ಭರಣಿಯ ಪಕ್ಕ
ಹೊಸ ಸೊಸೆಯಂತೆ ಯಾರೊಡನೆಯೂ ಮಾತಾಡದೆ ನಿಂತಿತು.

ಜೂನ್ ಒಂದು. ದೋಣಿಗಳೆಲ್ಲ ಹಗ್ಗ ಕಟ್ಟಿಕೊಂಡ ರಾತ್ರಿ.
ಗಿರಾಕಿಯಿಲ್ಲ. ನಿನ್ನೆಯ ಕೊನೆಯ ಬಂಗುಡೆ ನಾಲ್ಕು.
ಎಂಜಿನ್ ಮೆಕ್ಯಾನಿಕ್ ಗಣಪು ಬಿರಡೆಗೆ ಸ್ಕ್ರೂ ತಿರುಗಿಸಿ
ಇಕ್ಕಳದಲ್ಲಿ ಎಳೆದ.
ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ.

ಕೆಂಪು ಅಂದಿದ್ದ. ಕೆಂಪೆಲ್ಲಿ?
ಅಪ್ಪ ಹತ್ತಿ ಬಲೆ ಬೇಯಿಸುತ್ತಿದ್ದ ಕಾಲದ
ಮತ್ತಿ ಚಕ್ಕೆಯ ನೀರು ಅದು, ಅದೇ ಕಪ್ಪು,
ಕೈ ಅದ್ದಿದರೆ ವಾರಗಟ್ಟಲೆ ಬಿಡದ ಕಪ್ಪು.
ಒಗರೂ ಅದೇ.
ಉಪ್ಪುನೀರಿಗೆ ಬಲೆ ಕೊಳೆಯದಿರಲಿ ಎಂದು
ಕುಡಿಸುತ್ತಿದ್ದ ಆ ಒಗರನ್ನು
ಎಲ್ಲಿಯದೋ ಮರಳು ನೆಲದ ಮೋಟು ಬಳ್ಳಿ
ಯಾರು ಹೇಳಿಕೊಟ್ಟು ಕಲಿಯಿತು?

ಬಂಗುಡೆ ಕಚ್ಚಿ ಒಂದು ಗುಟುಕು ಕುಡಿದೆ.
ತುಕ್ಕು ಹಿಡಿದ ಲಂಗರು ನೆಕ್ಕಿದ ಹಾಗಾಯಿತು.
ತಿಸರೆ ಸುಕ್ಕೆಗೆ ಇನ್ನೂ ಕಷ್ಟ. ಮುರುಗಲು ಕಡಿಗೆ
ಹುಳಿಗೂ ಹುಳಿಗೂ ಜಗಳ ಹತ್ತಿ
ನಾಲಿಗೆ ನಡುವೆ ಸಿಕ್ಕಿಕೊಂಡಿತು.
"ಸಮುದ್ರದ್ದು ಇದಕ್ಕಾಗದು ಬಾಯಿ,
ಗೂಳಿ ಈಜುತ್ತದೆಯೇ?" ಅಂದ ಗಣಪು.

ಆಗ ನೆನಪಾಯಿತು, ಮಧ್ಯಾಹ್ನದ ಮಟನ್.
ಪಾತ್ರೆ ಖಾಲಿ, ತಳ ಸೀದಿತ್ತು.
ಹುರಿದ ಕೊಬ್ಬರಿ, ಲವಂಗ, ಕುರಿಯ ಕೊಬ್ಬು
ಒಂದಕ್ಕೊಂದು ಅಂಟಿ ಕರಟಿಹೋಗಿದ್ದವು.
ಸೌಟಿನಿಂದ ಕೆರೆದು, ತಣ್ಣನೆ ಪಾವಿನ ಮೇಲೆ ಹಚ್ಚಿ
ತಿಂದೆ, ಕುಡಿದೆ.

ಗೂಳಿ ಮೊಣಕಾಲೂರಿತು.
ಒಗರು ಕೊಬ್ಬಿನೊಳಗೆ ಇಳಿದು ಮೆತ್ತಗಾಗಿ
ಮಾಗಿದ ನೇರಳೆಯ ವಾಸನೆ, ಆಮೇಲೆ ಹೊಗೆ,
ಆಮೇಲೆ ನನ್ನ ಕಿವಿಯೆರಡೂ ಬಿಸಿ.
ಗಣಪು ಇಕ್ಕಳ ಹಿಡಿದುಕೊಂಡೇ
ಪಾತ್ರೆಯ ತಳದಲ್ಲಿ ಪಾವು ತಿಕ್ಕುತ್ತಿದ್ದ.
ಇಪ್ಪತ್ತು ವರ್ಷ ಇದನ್ನು ಸೀದದ್ದು ಎಂದು
ನೆನೆಹಾಕಿ ಉಜ್ಜಿ ಚೆಲ್ಲಿದ್ದೇನಲ್ಲ.

ಅರ್ಧ ಉಳಿಯಿತು. ಮರೆತೆ.
ಮಳೆಗಾಲ ಅದನ್ನು ಪೂರಾ ಹುಳಿ ಮಾಡಿತು,
ಎರಡು ಇರುವೆ ಸತ್ತಿದ್ದವು. ಸೋಸಿಟ್ಟೆ.

ಅಕ್ಟೋಬರಿನಲ್ಲಿ ಇನಾಸ್ ನಿಜಕ್ಕೂ ಬಂದ,
ತೆಳ್ಳಗಾಗಿ, ಮುಂಗೈ ಮೇಲೆ ಸುಟ್ಟ ಗುರುತು,
ಜೇಬಿನಲ್ಲಿ ಮಡಚಿದ ನೋಟು.
ಮೊದಲು ಊಟ ಮಾಡು ಅಂದೆ.
ಆ ದಿನ ಮಟನ್ನಿಗೆ ಹುಣಸೆ ಹಾಕಿರಲಿಲ್ಲ.
ಮೂರನೇ ತುತ್ತಿಗೆ ಕೈ ನಿಂತಿತು.
"ಇದಕ್ಕೇನು ಹಾಕಿದಿರಿ?"

"ಒತ್ತೆ," ಅಂದೆ.

ಅವನು ನಗಲಿಲ್ಲ. ಬೈಯಲೂ ಇಲ್ಲ.
ಇನ್ನೊಂದು ಸೌಟು ಕೇಳಿದ.
ನೋಟು ಎಣಿಸುವಾಗ ಮಾತ್ರ ನೀರು ಕುಡಿಯುತ್ತ
ಅಲ್ಲಿ ಬಂದರಿನಾಚೆ ಮುದುಕಿಯೊಬ್ಬಳು
ಹೀಗೇ ತಳ ಕೆರೆದು ಬಡಿಸುತ್ತಿದ್ದಳೆಂದು,
ಅವಳದ್ದೂ ಬಾಕಿ ಇದೆಯೆಂದು ಹೇಳಿದ.

ಬಾಟಲಿಯಲ್ಲೀಗ ಕೊಬ್ಬರಿ ಎಣ್ಣೆ.
ಚೀಟಿಯ ಗೂಳಿಗೆ ಜಿಡ್ಡು ಹತ್ತಿ
ಒಂದು ಕೋಡು ಅಳಿಸಿದೆ.
ಚಳಿಗೆ ಎಣ್ಣೆ ಹೆಪ್ಪುಗಟ್ಟಿದ ಬೆಳಿಗ್ಗೆ
ಅದನ್ನು ಬಿಸಿಲಿಗಿಟ್ಟು ಕಾಯುತ್ತೇನೆ.