ಉಪ್ಪು ಬಾಚುವವಳು

ಅವೈರೊದ ಉಪ್ಪಿನ ಗದ್ದೆಗಳಲ್ಲಿ
ಮೂವತ್ತು ಬೇಸಿಗೆ ಬಾಚಿದವಳು ದಿಯೊಲಿಂಡಾ.
ಈಗ ಅವಳ ಸೂಪಿಗೆ ಚಿಟಿಕೆಯೂ ಇಲ್ಲ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇವಳಿಗೆ ನೀರೂ ಅಳತೆ.

ಬೆಳಿಗ್ಗೆ ಹನ್ನೆರಡು ಬಿಳಿ ಮಾತ್ರೆ,
ನುಂಗುವ ಮೊದಲೇ ಕಹಿ.
ಮುಖ ಊದಿ ದುಂಡಗಾಯಿತು. ಮೊಮ್ಮಗ ತೊಮೆ
ಗುರುತು ಸಿಗದೆ ಬಾಗಿಲ ಹಿಂದೆ ಸರಿದ.
ರಾತ್ರಿ ಮೂರಕ್ಕೆ ನಿದ್ದೆಯಿಲ್ಲದೆ ಎದ್ದು
ತಟ್ಟೆ ತೊಳೆದಳು,
ತೊಳೆದವನ್ನೇ ಮತ್ತೆ.

ಎಂಟನೆಯ ವಾರ
ಮೂತ್ರದ ಬಾಟಲಿಯಲ್ಲಿ ನೊರೆ ಏಳಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದಳು. ನಂಬದೆ
ಅಲ್ಲಾಡಿಸಿದಳು.
ಡಾಕ್ಟರು ಬರೆದರು: ಒಂದು ಮಾತ್ರೆ ಕಡಿಮೆ.

ಹೊರಗೆ ಗಾಳಿ. ಯಾರದೋ ಮಡಿಯಲ್ಲಿ
ನೀರು ಹಿಂಗಿ ಉಪ್ಪು ಕಟ್ಟುತ್ತಿದೆ.
ದಂಡೆಯ ಮೇಲೆ ಕೂತು
ಮೊಣಕಾಲ ಕೆಳಗೆ ಬೆರಳೊತ್ತಿದಳು,
ತೆಗೆದಳು.
ಗುಳಿ ಉಳಿಯಲಿಲ್ಲ.